ಸಹಾಯ ಬೇಕು: ಕಡಿಮೆ ಖರ್ಚಲ್ಲಿ ಫೋಟೋ ತೆಗೆದುಕೊಡ್ತೀನಿ, ಕಿನ್ನಾಳದಲ್ಲಿ ಪರಿಚಯ ಮಾಡಿಸಿಕೊಡಿ

ಎಲ್ಲರಿಗೂ ನಮಸ್ಕಾರ. ನಾನು ಊರೂರು ಸುತ್ತುತ್ತಾ ಫೋಟೋ ತೆಗೆಯುವವನು. ಮದುವೆ ಸೀಸನ್ ಮುಗಿದಿದೆ, ಕ್ಯಾಮೆರಾ ಸುಮ್ನೆ ಕೂತಿದೆ. ಮುಂದಿನ ತಿಂಗಳು ಬೈಕಲ್ಲಿ ಕೊಪ್ಪಳ ಕಡೆ ಬರುತ್ತಿದ್ದೇನೆ.

ಸೀಮಂತ, ನಾಮಕರಣ, ಅಂಗಡಿ ಮಾಲು, ಏನೇ ಇರಲಿ. ಪೆಟ್ರೋಲ್ ಖರ್ಚು, ಎರಡು ಹೊತ್ತು ಊಟ ಸಾಕು. ಫೋಟೋಗಳನ್ನು ಎಡಿಟ್ ಮಾಡಿ ಪೆನ್‌ಡ್ರೈವಲ್ಲಿ ಕೊಡುತ್ತೇನೆ. ಆಲ್ಬಂ ಬೇಕಾದರೆ ಪ್ರಿಂಟಿನ ದುಡ್ಡು ಮಾತ್ರ ನಿಮ್ಮದು.

ಬದಲಿಗೆ ನನಗೆ ಬೇಕಿರುವುದು ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರ ಪರಿಚಯ. ಯಾರದಾದರೂ ಮನೆಯಲ್ಲಿ ಎರಡು ಮೂರು ದಿನ ಕೂತು ಗೊಂಬೆ ಕೆಲಸ ನೋಡಬೇಕು. ಬಣ್ಣ ಹಚ್ಚುವ ಫೋಟೋ ಎಲ್ಲರ ಹತ್ತಿರವೂ ಇದೆ, ಅಲ್ವಾ? ನನಗೆ ಅದಕ್ಕೂ ಮುಂಚಿನದು ಬೇಕು. ಹಗುರ ಮರ ಕೆತ್ತುವುದು, ಹುಣಸೆ ಬೀಜದ ಅಂಟು ಕಾಯಿಸುವುದು, ಅದಕ್ಕೆ ಗೋಣಿನಾರಿನ ಪುಡಿ ಕಲಸಿ ಕಿಟ್ಟ ಎನ್ನುವ ಮುದ್ದೆ ಮಾಡಿ ಗೊಂಬೆಯ ಮೈಗೆ ಮೆತ್ತುವುದು. ಕೈಗೆಲಸಕ್ಕೆ ಅಡ್ಡ ಬರಲ್ಲ, ಫ್ಲ್ಯಾಶ್ ಹಾಕಲ್ಲ. ಅವರ ಗೊಂಬೆಗಳನ್ನು ಮಾರಾಟಕ್ಕೆ ಬೇಕಾದ ಹಾಗೆ ಚೆನ್ನಾಗಿ ತೆಗೆದುಕೊಡುತ್ತೇನೆ, ಅದಕ್ಕೆ ಒಂದು ರೂಪಾಯಿಯೂ ಬೇಡ.

ಹಾಗೇ ಆನೆಗೊಂದಿ ಕಡೆ ಬಿದಿರು ಹೆಣೆದು ಹರಿಗೋಲು ಕಟ್ಟುವವರು ಯಾರಾದರೂ ಗೊತ್ತಾ? ಸವಾರಿಯ ಫೋಟೋ ಬೇಡ, ಅದು ಈಗಾಗಲೇ ಜಾಸ್ತಿಯಾಗಿದೆ. ಇಟಗಿಯ ಮಹಾದೇವ ಗುಡಿ 1112ರದ್ದು. ಆ ನುಣುಪು ಕಂಬಗಳನ್ನು ಎಳೆಬಿಸಿಲಲ್ಲಿ ತೆಗೆಯುವ ಆಸೆ. ಬೆಳಿಗ್ಗೆ ಎಷ್ಟು ಗಂಟೆಗೆ ಒಳಗೆ ಬಿಡುತ್ತಾರೆ, ಹತ್ತಿರದವರು ಹೇಳಿ.

ಉಳಿಯಲು ರೂಮೇ ಆಗಬೇಕೆಂದಿಲ್ಲ, ಪಡಸಾಲೆ ಆದರೂ ನಡೆಯುತ್ತದೆ. ಚಾರ್ಜಿಂಗಿಗೆ ಒಂದು ಪ್ಲಗ್ ಇರಲಿ ಅಷ್ಟೇ. ಗೊತ್ತಿರುವವರು ಮೆಸೇಜ್ ಮಾಡಿ, ಹಳೇ ಕೆಲಸದ ಫೋಟೋ ಕಳಿಸುತ್ತೇನೆ.