ಹಳೇ ಸಿಮೆಟ್ರಿಯ ಕಲ್ಲಿಗೆ ಆಸಿಡ್ ಹಾಕಬಹುದಾ? ಸಂರಕ್ಷಣಾ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮೂರ ಚರ್ಚಿನ ಹಳೇ ಸಿಮೆಟ್ರಿಯನ್ನು ನವೆಂಬರ್ 2ರ ಆಲ್ ಸೋಲ್ಸ್ ಡೇ ಒಳಗೆ ಸ್ವಚ್ಛ ಮಾಡೋಣ ಅಂತ ಹದಿನೈದು ಜನ ಸೇರಿದ್ದೇವೆ. ಇಟ್ಟಿಗೆ ಗಾರೆಯ ಗೋರಿಗಳು, ಕಣಶಿಲೆ (ಗ್ರಾನೈಟ್) ಚಪ್ಪಡಿ, ಅಮೃತಶಿಲೆ ಫಲಕ ಎಲ್ಲ ಇವೆ. ಕಲ್ಲೆಲ್ಲ ಕಪ್ಪಾಗಿದೆ. ಒಬ್ಬರು ಟಾಯ್ಲೆಟ್ ಆಸಿಡ್ ಹಾಕಿ ಉಜ್ಜಿ ಅಂತಾರೆ, ಇನ್ನೊಬ್ಬರು ಗಾಡಿ ತೊಳೆಯೋ ಪ್ರೆಷರ್ ಗನ್ ತರಿಸೋಣ ಅಂತಾರೆ. ಯಾವುದು ಸರಿ?

ಉತ್ತರ: ದಯವಿಟ್ಟು ಎರಡೂ ಬೇಡ. ಅಮೃತಶಿಲೆ ಅಂದರೆ ಸುಣ್ಣದ ಜಾತಿಯ ಕಲ್ಲು. ಆಸಿಡ್ ತಾಗಿದ ಕೂಡಲೇ ನೊರೆ ಬರುತ್ತದಲ್ಲ, ಆ ನೊರೆಯಲ್ಲಿ ಹೋಗುವುದು ಕೊಳೆ ಅಲ್ಲ, ಕಲ್ಲಿನ ಮೈ. ನಿಂಬೆ, ಹುಣಸೆ, ವಿನೆಗರ್ ಮಾಡುವುದೂ ಅದನ್ನೇ, ಸ್ವಲ್ಪ ನಿಧಾನ ಅಷ್ಟೇ. ಕಣಶಿಲೆ ಕರಗುವುದಿಲ್ಲ ನಿಜ, ಆದರೆ ಅದರೊಳಗಿನ ಕಬ್ಬಿಣದ ಅಂಶ ಆಸಿಡ್‌ಗೆ ತುಕ್ಕಿನ ಬಣ್ಣಕ್ಕೆ ತಿರುಗಿ ಆಮೇಲೆ ಹೋಗದ ಕಲೆಯಾಗುತ್ತದೆ. ಪ್ರೆಷರ್ ಗನ್ ಹಿಡಿದರೆ ಸಂದಿನ ಸುಣ್ಣ ಹಾರಿಹೋಗುತ್ತದೆ, ಸಡಿಲವಾದ ಅಕ್ಷರಗಳ ಅಂಚು ಉದುರುತ್ತದೆ. ಬ್ಲೀಚಿಂಗ್ ಪುಡಿ, ತಂತಿ ಬ್ರಷ್, ಮರಳು ಕಾಗದಕ್ಕೂ ಇದೇ ಮಾತು.

ಬೇಕಾದದ್ದು ಇಷ್ಟೇ: ಬೇಕಾದಷ್ಟು ಸಿಹಿನೀರು, ಮೆತ್ತನೆ ನೈಲಾನ್ ಬ್ರಷ್, ಅಕ್ಷರದ ಸಂದಿಗೆ ಹಳೇ ಟೂತ್ ಬ್ರಷ್, ಪಾಚಿ ಎಬ್ಬಿಸಲು ಬಿದಿರಿನ ಚಕ್ಕೆ. ಉಪ್ಪುನೀರಿನ ಬೋರ್‌ವೆಲ್ ಇದ್ದರೆ ಆ ನೀರು ಬೇಡ, ಮಳೆನೀರು ಹಿಡಿದಿಟ್ಟುಕೊಳ್ಳಿ. ಮೊದಲು ಅಂಗೈಯಿಂದ ಕಲ್ಲನ್ನು ಮೆಲ್ಲಗೆ ಸವರಿ ನೋಡಿ. ಪುಡಿ ಅಂಟಿದರೆ, ಹಕ್ಕಳೆ ಏಳುತ್ತಿದ್ದರೆ, ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅದನ್ನು ಮುಟ್ಟಬೇಡಿ, ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಿ. ಗಟ್ಟಿ ಇದ್ದರೆ ಚೆನ್ನಾಗಿ ನೆನೆಸಿ ಹತ್ತು ನಿಮಿಷ ಬಿಡಿ, ಕೆಳಗಿನಿಂದ ಮೇಲಕ್ಕೆ ಉಜ್ಜುತ್ತಾ ಹೋಗಿ, ಮೇಲಿನಿಂದ ನೀರು ಬಿಡಿ. ಮೇಲಿನಿಂದ ಶುರು ಮಾಡಿದರೆ ಕೊಳೆನೀರು ಒಣಕಲ್ಲಿನ ಮೇಲೆ ಇಳಿದು ಗೆರೆ ಕಟ್ಟುತ್ತದೆ. ಕಲ್ಲುಹೂವು ಒಂದೇ ಸಲಕ್ಕೆ ಬಿಡುವುದಿಲ್ಲ, ಬಲವಂತ ಮಾಡಿದರೆ ಕಲ್ಲಿನ ಪದರವನ್ನೇ ಕಿತ್ತುಕೊಂಡು ಬರುತ್ತದೆ. ಕಲ್ಲು ಬೆಳ್ಳಗೆ ಹೊಳೆಯಬೇಕು ಅನ್ನುವ ಆಸೆ ಬಿಡಿ. ಹೆಸರು ಓದಲು ಬಂದರೆ ಕೆಲಸ ಆಯಿತು.

ಪ್ರಶ್ನೆ: ಗಿಡಗಂಟಿ ಎದೆಮಟ್ಟ ಬೆಳೆದಿದೆ. ಜೆಸಿಬಿ ತಂದು ಒಂದೇ ದಿನದಲ್ಲಿ ಸಪಾಟು ಮಾಡಿ, ಕಸಕ್ಕೆ ಬೆಂಕಿ ಕೊಡಬಹುದಾ?

ಉತ್ತರ: ಖಂಡಿತ ಬೇಡ. ಕಲ್ಲಿಲ್ಲದ ಸಮಾಧಿಗಳು ಎಲ್ಲ ಸಿಮೆಟ್ರಿಯಲ್ಲೂ ಇರುತ್ತವೆ, ಬಡವರದ್ದು ಮತ್ತು ಮಕ್ಕಳದ್ದೇ ಹೆಚ್ಚು. ಉದ್ದಕ್ಕೆ ತಗ್ಗಿದ ಮಣ್ಣು, ಸುತ್ತ ಇಟ್ಟ ಕಾಡುಗಲ್ಲು, ಕೊಳೆತ ಮರದ ಶಿಲುಬೆ, ಯಾರೋ ನೆಟ್ಟ ಕಾಶಿ ಕಣಗಿಲೆ, ಇವೇ ಅವರ ಗುರುತು. ಜೆಸಿಬಿ ಒಮ್ಮೆ ಓಡಾಡಿದರೆ ಅವೆಲ್ಲ ಶಾಶ್ವತವಾಗಿ ಅಳಿಸಿಹೋಗುತ್ತವೆ. ಹಾಗಾಗಿ ಮೊದಲ ಸಲ ಸೊಂಟದೆತ್ತರಕ್ಕೆ ಮಾತ್ರ ಸವರಿ. ಗುರುತು ಕಂಡಲ್ಲೆಲ್ಲ ಬಣ್ಣದ ಬಟ್ಟೆ ಕಟ್ಟಿದ ಕೋಲು ನೆಡಿ. ಎರಡನೇ ಸಲ ಕುಡುಗೋಲಿನಲ್ಲಿ ಬುಡಕ್ಕೆ ಇಳಿಯಿರಿ. ಗೋರಿಯ ಅಂಚಿನಿಂದ ಒಂದು ಅಡಿಯೊಳಗೆ ಹುಲ್ಲು ಕತ್ತರಿಸುವ ಯಂತ್ರ ಬೇಡ, ಅದರ ದಾರ ಗಾರೆಯನ್ನು ಕೆತ್ತುತ್ತದೆ.

ಬೆಂಕಿಯ ವಿಷಯ: ನಮ್ಮ ಕಡೆ ಬಂಡೆ ಸೀಳಲು ಬೆಂಕಿ ಹಾಕುತ್ತಿದ್ದರು. ಕಣಶಿಲೆ ಕಾದರೆ ಚಕ್ಕೆ ಚಕ್ಕೆಯಾಗಿ ಸಿಡಿಯುತ್ತದೆ. ಕಸ ಹೊರಗೆ ಸಾಗಿಸಿ.

ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆಯೇ ಕೀಳಿ, ಕೈಗವಸು ಮತ್ತು ಮಾಸ್ಕ್ ಹಾಕಿಕೊಳ್ಳಿ. ಎಲ್ಲರಿಗೂ ಗಮ್ ಬೂಟ್ ಇರಲಿ, ಬಿರುಕಿಗೆ ಬರಿಗೈ ಹಾಕಬೇಡಿ. ಕೊಳಕುಮಂಡಲ, ನಾಗರ ಇಂಥ ಜಾಗದಲ್ಲೇ ಇರುತ್ತವೆ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಔಷಧ ಇದೆ ಅಂತ ಕೆಲಸಕ್ಕೆ ಮುಂಚೆಯೇ ವಿಚಾರಿಸಿಕೊಳ್ಳಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಮಾಡದೆ ನೇರ ಅಲ್ಲಿಗೆ ಕರೆದೊಯ್ಯಿರಿ.

ಪ್ರಶ್ನೆ: ಮೂರು ಗೋರಿಗಳ ಮೇಲೆ ಅರಳಿ ಸಸಿ ಎದ್ದಿದೆ. ಒಂದಂತೂ ಮಣಿಕಟ್ಟಿನ ದಪ್ಪ ಇದೆ. ಇಂಗು ಹಾಕಿದರೆ ಸಾಯುತ್ತದೆ ಅಂತಾರಲ್ಲ?

ಉತ್ತರ: ಇಂಗನ್ನು ನಂಬಿ ಕೂರಬೇಡಿ. ಉಪ್ಪು ಹಾಕಲೇಬೇಡಿ, ಅದು ಇಟ್ಟಿಗೆಯೊಳಗೆ ಇಳಿದು ಒಣಗಿದಾಗ ಹರಳುಗಟ್ಟಿ ಇಟ್ಟಿಗೆಯನ್ನೇ ಒಡೆಯುತ್ತದೆ. ಎರಡು ಎಲೆಯ ಸಸಿ ಆದರೆ ಮಳೆ ಬಂದ ಮರುದಿನ ಬೇರುಸಹಿತ ಕೈಯಲ್ಲೇ ಬರುತ್ತದೆ. ಬೆರಳಿಗಿಂತ ದಪ್ಪ ಆಗಿದ್ದರೆ ಎಳೆಯಬೇಡಿ. ಆ ಹೊತ್ತಿಗೆ ಸಂದಿನ ಸುಣ್ಣ ಪುಡಿಯಾಗಿ ಬೇರೇ ಗೋಡೆಯನ್ನು ಹಿಡಿದುಕೊಂಡಿರುತ್ತದೆ, ಎಳೆದರೆ ಇಟ್ಟಿಗೆಯ ಸಾಲೇ ಕೆಳಗೆ ಬರುತ್ತದೆ. ಗರಗಸದಿಂದ ಬುಡಕ್ಕೆ ಕತ್ತರಿಸಿ, ಹಸಿ ಕೊಯ್ತಕ್ಕೆ ಕೆಲವೇ ನಿಮಿಷಗಳಲ್ಲಿ ಕಳೆನಾಶಕ ಹಚ್ಚಬೇಕು. ಇದಕ್ಕೆ ಬಳಸುವ ಗ್ಲೈಫೊಸೇಟ್ ಎಂಬ ಕಳೆನಾಶಕವನ್ನು ಪರವಾನಗಿ ಇರುವ ಕೀಟ ನಿಯಂತ್ರಣದವರಷ್ಟೇ ಬಳಸಬೇಕು ಅಂತ 2022ರಲ್ಲಿ ಕೇಂದ್ರ ಸರ್ಕಾರದ ಆದೇಶ ಬಂದಿದೆ, ಅವರನ್ನೇ ಕರೆಸಿ. ತಿಂಗಳಿಗೊಮ್ಮೆ ನೋಡಿ, ಚಿಗುರಿದರೆ ಮತ್ತೆ ಅದೇ ಕೆಲಸ. ಪೂರ್ತಿ ಒಣಗಿದ ಮೇಲೆ ಬೇರನ್ನು ತುಂಡುತುಂಡಾಗಿ ತೆಗೆದು, ಖಾಲಿಯಾದ ಜಾಗಕ್ಕೆ ಅವತ್ತೇ ಸುಣ್ಣದ ಗಾರೆ ತುಂಬಿಸಿ.

ಪ್ರಶ್ನೆ: ಸುಣ್ಣದ ಗಾರೆ ಕಲಸುವವರು ಈಗ ಎಲ್ಲಿ ಸಿಗ್ತಾರೆ ಮೇಡಂ? ಸಿಮೆಂಟ್ ಹಾಕಿದರೆ ಗಟ್ಟಿ ಅಲ್ವಾ?

ಉತ್ತರ: ಆ ಗಟ್ಟಿತನವೇ ತೊಂದರೆ. ಹಳೇ ಇಟ್ಟಿಗೆ ನೆಲದಿಂದ ನೀರು ಹೀರುತ್ತದೆ, ಆ ನೀರು ಸುಣ್ಣದ ಸಂದಿನಿಂದ ಆವಿಯಾಗಿ ಹೋಗುತ್ತಿತ್ತು. ಸಂದಿಗೆ ಸಿಮೆಂಟ್ ಮೆತ್ತಿದರೆ ನೀರು ಇಟ್ಟಿಗೆಯ ಮೈಯಿಂದಲೇ ಹೊರಬರಬೇಕು, ಜೊತೆಗೆ ಲವಣ ಬರುತ್ತದೆ. ಕೆಲವು ವರ್ಷದಲ್ಲಿ ಸಿಮೆಂಟಿನ ಗೆರೆಗಳು ಜೇನುಗೂಡಿನ ಹಾಗೆ ನಿಂತಿರುತ್ತವೆ, ನಡುವಿನ ಇಟ್ಟಿಗೆ ಪುಡಿಯಾಗಿ ಹೋಗಿರುತ್ತದೆ.

ನೀವೇ ಕಲಿಯಬಹುದು. 1 ಪಾಲು ನೆನೆಸಿದ ಸುಣ್ಣ, 1 ಪಾಲು ಜರಡಿ ಹಿಡಿದ ಇಟ್ಟಿಗೆ ಪುಡಿ, 2 ಪಾಲು ತೊಳೆದ ಮರಳು. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಬೇಕೇ ಹೊರತು ಕಲ್ಲಿನ ಮೇಲೆ ನೀರು ಸುರಿಯಬಾರದು, ಕುದ್ದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ ಕಡ್ಡಾಯ. ಕನಿಷ್ಠ ಮೂರು ವಾರ ಮೇಲೆ ನೀರು ನಿಂತಿರುವ ಹಾಗೆ ನೆನೆಸಿಡಿ. ನೀರಲ್ಲಿ ಅರಳದ ಹರಳು ಉಳಿದರೆ ಗೋಡೆಗೆ ಹೋದ ಮೇಲೆ ಅರಳಿ ಗುಳಿ ಬೀಳುತ್ತದೆ. ಸಂದನ್ನು 2 ಸೆಂ.ಮೀ. ಆಳಕ್ಕೆ ಕೆದಕಿ, ಧೂಳು ತೆಗೆದು, ಒದ್ದೆ ಮಾಡಿ ಒತ್ತಿ ತುಂಬಿ. ಒಂದು ಪದರ 1 ಸೆಂ.ಮೀ. ದಾಟಬಾರದು. ಆಮೇಲೆ ಹತ್ತು ದಿನ ಒದ್ದೆ ಗೋಣಿತಾಟು ಹೊದಿಸಿ. ಎಲ್ಲರೂ ತಪ್ಪುವುದು ಇಲ್ಲೇ: ಬಿಸಿಲಿಗೆ ಬೇಗ ಒಣಗಿದರೆ ಸುಣ್ಣ ಗಟ್ಟಿಯಾಗುವುದಿಲ್ಲ, ಉಗುರಲ್ಲಿ ಕೆರೆದರೆ ಉದುರುತ್ತದೆ. ಜಡಿಮಳೆಯಲ್ಲೂ ಬೇಡ, ಏಪ್ರಿಲ್ ಬಿಸಿಲಲ್ಲೂ ಬೇಡ. ಈ ಸಲದ ನವೆಂಬರ್ 2ಕ್ಕೆ ಗಾರೆ ಕೆಲಸ ಮುಗಿಸಲು ಹೋಗಬೇಡಿ, ಹಬ್ಬದ ನಂತರ ಚಳಿಗಾಲದಲ್ಲಿ ಮಾಡಿ.

ಮತ್ತೊಬ್ಬ ಸದಸ್ಯರು: ಅಪ್ಪಣೆ ಯಾರಿಂದ ತಗೋಬೇಕು ಅನ್ನೋದನ್ನೂ ಹೇಳಿ ಮೇಡಂ.

ಉತ್ತರ: ಇದನ್ನು ನಾನೇ ಮೊದಲು ಹೇಳಬೇಕಿತ್ತು, ಕೇಳಿದ್ದು ಒಳ್ಳೆಯದಾಯಿತು. ಚರ್ಚಿನದ್ದಾದರೆ ಫಾದರ್ ಅಥವಾ ಪಾಸ್ಟರ್ ಮತ್ತು ಸಮಿತಿ, ಕಬರಸ್ತಾನವಾದರೆ ಮಸೀದಿ ಕಮಿಟಿ ಮತ್ತು ವಕ್ಫ್ ಮಂಡಳಿ, ಊರ ರುದ್ರಭೂಮಿಯಾದರೆ ಪಂಚಾಯಿತಿಯ ಪಿಡಿಒ. ಬಾಯಿಮಾತು ಸಾಲದು, ಏನೇನು ಕೆಲಸ ಅಂತ ಬರೆದು ಸಹಿ ಪಡೆಯಿರಿ. ಕುಟುಂಬದವರು ಬರುತ್ತಿರುವ ಸಮಾಧಿಗೆ ಅವರ ಒಪ್ಪಿಗೆಯೂ ಬೇಕು. ಸಂರಕ್ಷಿತ ಸ್ಮಾರಕ ಅಂತ ಪುರಾತತ್ವ ಇಲಾಖೆಯ ಫಲಕ ಇದ್ದರೆ ಹುಲ್ಲು ಕೀಳುವುದಕ್ಕೂ ಇಲಾಖೆಯನ್ನೇ ಕೇಳಿ. ಎರಡು ಮಹಾಯುದ್ಧಗಳಲ್ಲಿ ಮಡಿದವರ ಸಮಾಧಿ ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಕಲ್ಲುಗಳಿದ್ದರೆ ಅವುಗಳ ಹೊಣೆ ಅವರದ್ದು, ಫೋಟೊ ತೆಗೆದು ಅವರಿಗೆ ತಿಳಿಸಿ. ಶ್ರೀರಂಗಪಟ್ಟಣದ ಗ್ಯಾರಿಸನ್ ಸಿಮೆಟ್ರಿಯಲ್ಲಿ ಡಿ ಮ್ಯೂರಾನ್ ಎಂಬ ಸ್ವಿಸ್ ಮನೆತನದವರು ಕಟ್ಟಿದ ಡಿ ಮ್ಯೂರಾನ್ ರೆಜಿಮೆಂಟಿನ ಸ್ವಿಸ್ ಸೈನಿಕರ ಸಮಾಧಿಗಳಿವೆ. ಅದರ ಜೀರ್ಣೋದ್ಧಾರಕ್ಕೆ ಆ ಮನೆತನದ ವಂಶಸ್ಥರೇ ಮುಂದೆ ಬಂದಿದ್ದರು. ಹೆಸರುಗಳನ್ನು ಸರಿಯಾಗಿ ದಾಖಲಿಸಿದರೆ ನಿಮ್ಮಲ್ಲಿಗೂ ಯಾರಾದರೂ ಹುಡುಕಿಕೊಂಡು ಬರಬಹುದು.

ಪ್ರಶ್ನೆ: ದಾಖಲೆಗೆ ಅಕ್ಷರ ಕಾಣೋ ಹಾಗೆ ಮೈದಾಹಿಟ್ಟು, ಸೀಮೆಸುಣ್ಣ ಉಜ್ಜಬಹುದಾ?

ಉತ್ತರ: ಹಿಟ್ಟು ಬೂಷ್ಟು ತರುತ್ತದೆ, ಸೀಮೆಸುಣ್ಣ ರಂಧ್ರದಲ್ಲಿ ಕೂರುತ್ತದೆ. ಬೆಳಕು ಸಾಕು. ಬೆಳಿಗ್ಗೆ ಅಥವಾ ಸಂಜೆಯ ಓರೆಬಿಸಿಲಲ್ಲಿ ನೋಡಿ. ನೆರಳಲ್ಲಿದ್ದರೆ ಮನೆಯ ನಿಲುಗನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಕಲ್ಲಿನ ಮೇಲೆ ಹಾಯಿಸಿ, ಅಳಿಸಿಹೋಗಿದೆ ಅಂದುಕೊಂಡ ಅಕ್ಷರ ನೆರಳು ಕಟ್ಟಿ ಎದ್ದು ಕಾಣುತ್ತದೆ. ಇದ್ದದ್ದನ್ನು ಇದ್ದ ಹಾಗೇ ಬರೆದುಕೊಳ್ಳಿ, ಕಾಗುಣಿತ ತಿದ್ದಬೇಡಿ, ಸಾಲು ಮುಗಿದಲ್ಲಿ ಓರೆಗೆರೆ ಹಾಕಿ.

ಪ್ರಶ್ನೆ: ಕೊನೆಯದು. ರಾತ್ರಿ ಬಂದು ದೆವ್ವದ ವಿಡಿಯೊ ಮಾಡೋರು, ಗೋರಿ ಮೇಲೆ ಕೂತು ಫೋಟೊ ತೆಗೆಸಿಕೊಳ್ಳೋರು. ಹಬ್ಬದ ದಿನ ಮೇಣದಬತ್ತಿ, ಎಣ್ಣೆ ಎಲ್ಲ ಕಲ್ಲಿನ ಮೇಲೇ. ಹೇಗೆ ಹೇಳೋದು?

ಉತ್ತರ: ಎರಡನ್ನೂ ಬೇರೆ ಬೇರೆ ನೋಡಿ. ಮೇಣದಬತ್ತಿ ಹಚ್ಚುವವರು ನಮ್ಮವರು, ಪ್ರೀತಿಯಿಂದ ಬರುವವರು. ಅವರಿಗೆ ಬೇಡ ಅನ್ನುವ ಬದಲು ಜಾಗ ಮಾಡಿಕೊಡಿ: ಪ್ರತಿ ಸಾಲಿಗೆ ಮರಳು ತುಂಬಿದ ಒಂದು ಅಗಲದ ಮಣ್ಣಿನ ತಟ್ಟೆ, ಗೇಟಿನ ಹತ್ತಿರ ಹೂವಿಗೊಂದು, ಪ್ಲಾಸ್ಟಿಕ್‌ಗೊಂದು ಬುಟ್ಟಿ. ಬಿದ್ದ ಮೇಣಕ್ಕೆ ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಕಟ್ಟಿ ಇಡಿ, ಗರಿಗರಿಯಾದಾಗ ಹಳೇ ಎಟಿಎಂ ಕಾರ್ಡಿನಿಂದ ಎಬ್ಬಿಸಿ. ಯಾರೋ ಇಟ್ಟ ಹೂವನ್ನು ಬಾಡುವ ಮುಂಚೆ ತೆಗೆಯಬೇಡಿ.

ರಾತ್ರಿ ನುಗ್ಗುವವರಿಗೆ ಗೇಟಿಗೆ ಬೀಗ, ಫಲಕದಲ್ಲಿ ಸಮಯ. ಸತ್ತವರಿಗೆ ಅವಮಾನ ಮಾಡುವ ಅಥವಾ ಯಾರದಾದರೂ ಮನಸ್ಸು ನೋಯಿಸುವ ಉದ್ದೇಶದಿಂದ ಸಮಾಧಿ ಜಾಗಕ್ಕೆ ನುಗ್ಗುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಂ ಪ್ರಕಾರ ಅಪರಾಧ, ಒಂದು ವರ್ಷದವರೆಗೆ ಶಿಕ್ಷೆ ಇದೆ. ಫಲಕದಲ್ಲಿ ಇದು ಕೊನೆಯ ಸಾಲಾಗಿರಲಿ. ಮೊದಲ ಸಾಲು ಹೀಗಿರಲಿ: "ಬನ್ನಿ. ಇಲ್ಲಿ ನಮ್ಮ ಹಿರಿಯರು ಮಲಗಿದ್ದಾರೆ. ದಾರಿಯಲ್ಲೇ ನಡೆಯಿರಿ, ಕಲ್ಲಿನ ಮೇಲೆ ಕೂರಬೇಡಿ, ದುಃಖದಲ್ಲಿರುವವರ ಫೋಟೊ ತೆಗೆಯಬೇಡಿ." ಮಕ್ಕಳು ಗೋರಿ ಹತ್ತದ ಹಾಗೆ ನೋಡಿಕೊಳ್ಳಿ ಅಂತಲೂ ಸೇರಿಸಿ. 90 ಸೆಂ.ಮೀ. ಎತ್ತರ, 60 ಅಗಲ, 8 ದಪ್ಪದ ಕಣಶಿಲೆ ಚಪ್ಪಡಿ ಸುಮಾರು 115 ಕಿಲೊ ತೂಗುತ್ತದೆ. ವಾಲಿದ ಕಲ್ಲುಗಳ ಸುತ್ತ ಇವತ್ತೇ ಹಗ್ಗ ಕಟ್ಟಿ. ನೆಟ್ಟಗೆ ನಿಲ್ಲಿಸುವುದಕ್ಕೆ ಮುಕ್ಕಾಲಿ ಮತ್ತು ಸರಪಳಿ ರಾಟೆ ಇರುವ ಕಲ್ಲುಕೆಲಸದವರೇ ಬೇಕು, ನೀವು ಹಾರೆ ಹಾಕಿ ಮೀಟಬೇಡಿ. ಫಲಕವನ್ನು ಹಳೇ ಗೇಟುಗಂಬಕ್ಕಾಗಲಿ ಮರಕ್ಕಾಗಲಿ ಮೊಳೆ ಹೊಡೆದು ಹಾಕದೆ ಬೇರೆ ಕಂಬ ನೆಟ್ಟು ಹಾಕಿ.