ಶಿಫ್ಟ್ ಮುಗಿದ್ಮೇಲೂ ವಾಟ್ಸಾಪ್ ಮೆಸೇಜ್‌ಗೆ ರಿಪ್ಲೈ ಮಾಡ್ಲೇಬೇಕಾ?

ಸಂಜೆ_ಶಿಫ್ಟ್: ವೈಟ್‌ಫೀಲ್ಡ್ ಕಡೆ ಒಂದು ಕಂಪನಿಲಿ ಸಪೋರ್ಟ್ ಟೀಮಲ್ಲಿದೀನಿ. ಕೆಲಸ ಆರೂವರೆಗೆ ಮುಗಿಯತ್ತೆ ಆದ್ರೆ ಟೀಮ್ ಗ್ರೂಪಲ್ಲಿ ರಾತ್ರಿ ಹತ್ತೂವರೆ ಹನ್ನೊಂದಕ್ಕೆಲ್ಲ "ಕ್ವಿಕ್ ಅಪ್‌ಡೇಟ್ ಪ್ಲೀಸ್" ಅಂತ ಬರತ್ತೆ, ಬ್ಲೂ ಟಿಕ್ ಬಿದ್ದೂ ಉತ್ತರ ಕೊಟ್ಟಿಲ್ಲ ಅಂದ್ರೆ ಬೆಳಗ್ಗೆ ಸ್ಟ್ಯಾಂಡಪ್‌ನಲ್ಲಿ (ಟೀಮಿನ ಚಿಕ್ಕ ಮೀಟಿಂಗ್) ಎಲ್ಲರ ಮುಂದೆ ಕೇಳ್ತಾರೆ. ಎಚ್‌ಆರ್‌ಗೆ ಹೇಳಿದ್ರೆ "ನಮ್ದು ಫ್ಲೆಕ್ಸಿಬಲ್ ಕಲ್ಚರ್, ಮ್ಯಾನೇಜರ್ ಹತ್ರಾನೇ ಮಾತಾಡಿ" ಅಂದ್ರು. ಅಪ್ರೈಸಲ್ (ಕೆಲಸ ನೋಡಿ ರೇಟಿಂಗ್ ಕೊಡೋದು) ಬೇರೆ ಹತ್ರ ಬಂತು. ಕಾನೂನು ಏನಾದ್ರೂ ಇದ್ಯಾ, ಜಗಳ ಆಗದ ಹಾಗೆ ಹೇಗೆ ಹೇಳೋದು?

ಹಾಸನದ_ಹುಡುಗಿ: ನಾನು ಎಚ್‌ಆರ್‌ನಲ್ಲೇ ಇರೋದು. ಬಾಯಿಮಾತಲ್ಲಿ ಹೇಳಿದ್ದಕ್ಕೆ ದಾಖಲೆ ಇರಲ್ಲ, ಮ್ಯಾನೇಜರ್‌ಗೆ ಮೇಲ್ ಹಾಕಿ ಎಚ್‌ಆರ್‌ನ ಸಿಸಿಲಿ ಇಡಿ. "ರಾತ್ರಿ ಮೆಸೇಜ್ ಮಾಡ್ಬೇಡಿ" ಅಂತ ಬರೀಬೇಡಿ. ಶಿಫ್ಟ್ ಮುಗಿದ್ಮೇಲೆ ಯಾವುದನ್ನ ಅರ್ಜೆಂಟ್ ಅಂತ ತಗೋಬೇಕು, ಆನ್‌ಕಾಲ್ (ಆಗ ಕರೆದ್ರೆ ಸಿಗಬೇಕಾದವರು) ಯಾರು, ಅವರಿಗೆ ಕಾಂಪ್ ಆಫ್ (ಬದಲಿ ರಜೆ) ಉಂಟಾ ಅಂತ ಕೇಳಿ. ಸರ್ವರ್ ಬಿದ್ರೆ ಫೋನೇ ಮಾಡ್ಲಿ, ರಿಪೋರ್ಟ್ ಎಲ್ಲಿಗೆ ಬಂತು ಅನ್ನೋದು ಬೆಳಗ್ಗೆವರೆಗೆ ಕಾಯತ್ತೆ. ಮ್ಯಾನೇಜರ್‌ಗಳಿಗೆ ಇದನ್ನ ಯಾರೂ ಹೇಳಿಕೊಡದೆ ಟೀಮ್ ಕೈಗೆ ಕೊಟ್ಟುಬಿಡ್ತಾರೆ, ಆ ತಪ್ಪು ನಮ್ಮ ಇಲಾಖೆದೇ.

ಕಾಯ್ದೆ_ಕಟ್ಟೆ: ಮೆಸೇಜ್ ಬಗ್ಗೆ ಅಂತಲೇ ನಮ್ಮಲ್ಲಿ ಕಾನೂನಿಲ್ಲ. 2018ರಲ್ಲಿ ಸಂಸದೆ ಸುಪ್ರಿಯಾ ಸುಳೆ ಲೋಕಸಭೆಲಿ ಇದಕ್ಕಂತ ಖಾಸಗಿ ಮಸೂದೆ ತಂದಿದ್ರು, ಪಾಸಾಗ್ಲಿಲ್ಲ. ಆದ್ರೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಅದರ ಮೇಲೆ ಮಾಡಿದ್ರೆ ಓವರ್‌ಟೈಮ್‌ಗೆ ಡಬಲ್ ರೇಟ್. ಮ್ಯಾನೇಜ್‌ಮೆಂಟ್ ಹುದ್ದೆಲಿ ಇರೋರಿಗೆ ಅನ್ವಯ ಆಗಲ್ಲ, ನಿಮ್ಮ ಆಫರ್ ಲೆಟರ್‌ನಲ್ಲಿ ಡೆಸಿಗ್ನೇಷನ್ ಏನಿದೆ ನೋಡ್ಕೊಳ್ಳಿ. ಐಟಿ ಕಂಪನಿ ಆದ್ರೆ ಇನ್ನೊಂದು ವಿಷ್ಯ, ಸ್ಥಾಯಿ ಆದೇಶ ಕಾಯ್ದೆಯಿಂದ (ಕಂಪನಿ ನೌಕರಿ ನಿಯಮಗಳನ್ನ ಬರೆದಿಡಬೇಕು ಅನ್ನೋ ಕಾನೂನು) ಸರ್ಕಾರ ಐಟಿಗೆ ಕೊಟ್ಟಿದ್ದ ವಿನಾಯ್ತಿನ 2024ರಲ್ಲಿ ಮತ್ತೆ ಐದು ವರ್ಷ ಮುಂದುವರಿಸ್ತು, ಆದ್ರೆ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ನೌಕರರ ಕಡೆಯವರೂ ಸಮಸಮ ಇರಬೇಕು ಅಂತ ಷರತ್ತು ಹಾಕಿತ್ತು. ನಿಮ್ಮಲ್ಲಿ ಆ ಸಮಿತಿಲಿ ಯಾರಿದ್ದಾರೆ ಅಂತ ಆ ಇಮೇಲ್‌ನಲ್ಲೇ ಕೇಳಿ.

ಮೆಲ್ಬರ್ನ್_ಕನ್ನಡಿಗ: ಇಲ್ಲಿ ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ ಇದಕ್ಕೆ ಕಾನೂನು ಬಂದಿದೆ. ಬಾಸ್ ಮೆಸೇಜ್ ಮಾಡಬಾರದು ಅಂತಲ್ಲ, ಹಾಗೆ ನಿರಾಕರಿಸೋದು ಅಸಮಂಜಸ ಅಲ್ಲದಿದ್ರೆ ನಾವು ಓದದೆ, ಉತ್ತರ ಕೊಡದೆ ಇರಬಹುದು ಅಷ್ಟೇ. ಸಂಬಳದಲ್ಲಿ ಅದಕ್ಕೂ ದುಡ್ಡು ಸೇರಿದ್ಯಾ, ಮನೇಲಿ ನಾವು ನೋಡ್ಕೋಬೇಕಾದವರು ಇದ್ದಾರಾ ಅನ್ನೋದೂ ಲೆಕ್ಕಕ್ಕೆ ಬರತ್ತೆ.

ಸಂಜೆ_ಶಿಫ್ಟ್: ತುಂಬಾ ಥ್ಯಾಂಕ್ಸ್. ಡೆಸಿಗ್ನೇಷನ್ ಅಸೋಸಿಯೇಟ್ ಅಂತಿದೆ. ಒಬ್ನೇ ಮೇಲ್ ಹಾಕಿದ್ರೆ ಟಾರ್ಗೆಟ್ ಆಗ್ತೀನೇನೋ ಅಂತ ಭಯ.

ಹಾಸನದ_ಹುಡುಗಿ: ಹಾಗಾದ್ರೆ ಟೀಮಿನವರು ಮೂರ್ನಾಲ್ಕು ಜನ ಸೇರಿ ಹಾಕಿ, ಅಪ್ರೈಸಲ್‌ಗೆ ಮುಂಚೇನೇ ಹಾಕಿ. ಆಮೇಲೆ ಹಾಕಿದ್ರೆ ರೇಟಿಂಗ್ ಸಿಟ್ಟಿಗೆ ಬರೆದಿದ್ದು ಅಂತಾರೆ.