ಸಹಾಯ ಬೇಕು: ಸ್ಕ್ರಿಪ್ಟ್‌ನಿಂದ ಹೋಗುವ ಮೇಲ್‌ನಲ್ಲಿ ಕನ್ನಡ ಅಕ್ಷರ ನಡುವೆ ಒಡೆಯುತ್ತಿದೆ

ಎಲ್ಲರಿಗೂ ನಮಸ್ಕಾರ್ರೀ. ಕೊಪ್ಪಳ ಕಡೆಯ ಒಂದು ಕಾರ್ಖಾನೆಯ ಸಿಬ್ಬಂದಿಗೆ ಪ್ರತಿ ಸೋಮವಾರ ಎಚ್‌ಟಿಎಂಎಲ್ ಸುದ್ದಿಪತ್ರ ಹೋಗುತ್ತದೆ: ಶಿಫ್ಟ್ ಪಟ್ಟಿ, ಸುರಕ್ಷತಾ ಸೂಚನೆ, ಹೊಸಪೇಟೆ ಬಸ್ಸಿನ ಸಮಯ. ಕ್ರಾನ್‌ನಲ್ಲಿ (ನಿಗದಿತ ಸಮಯಕ್ಕೆ ತಾನಾಗಿ ಕೆಲಸ ಓಡಿಸುವ ವ್ಯವಸ್ಥೆ) ಓಡುವ ಶೆಲ್ ಸ್ಕ್ರಿಪ್ಟ್ ಹೆಡರ್ ಸೇರಿಸಿ, ಕಡತವನ್ನು ಹಾಗೇ ಮೇಲ್ ಕಳಿಸುವ ಸೆಂಡ್‌ಮೇಲ್ ಪ್ರೋಗ್ರಾಂಗೆ ಕೊಡುತ್ತದೆ.

ತೊಂದರೆ ಇದು: "ಸುರಕ್ಷತೆ" ಪದದಲ್ಲಿ "ಕ" ಇರಬೇಕಾದ ಕಡೆ ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ, ಪಕ್ಕದಲ್ಲಿ ಒಂದು "!". ಇಂಗ್ಲಿಷ್ ಪ್ಯಾರಾದಲ್ಲಾದರೆ ಬರೀ "!" ಬರುತ್ತದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾರಣ ಗೊತ್ತಾಗಿದೆ. ಮೇಲ್‌ನ ಒಂದು ಸಾಲು 998 ಬೈಟ್ ದಾಟುವಂತಿಲ್ಲ. ದಾಟಿದರೆ ಸರ್ವರ್ ಅಲ್ಲೇ "!" ಹಾಕಿ ಕತ್ತರಿಸುತ್ತದೆ. ಮಿನಿಫೈ ಮಾಡಿದ (ಖಾಲಿ ಜಾಗ, ಸಾಲು ಮುರಿತ ತೆಗೆದ) ನಮ್ಮ ಕಡತ ಪೂರ್ತಿ ಒಂದೇ ಸಾಲು. ಯುಟಿಎಫ್-8 ಅಕ್ಷರ ಸಂಕೇತದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಅಂದರೆ ಸುಮಾರು 330 ಚಿಹ್ನೆಗೇ ಮಿತಿ ಮುಗಿಯುತ್ತದೆ. ಮಿನಿಫೈ ಬಿಟ್ಟರೂ ಉದ್ದ ಪ್ಯಾರಾ ಇದ್ದಲ್ಲಿ ಮತ್ತೆ ಅದೇ ಕಥೆ.

ಹಾಗಾಗಿ ಮೇಲ್ ಕಟ್ಟಿಕೊಡುವ ಪೈಥಾನ್‌ನ ಈಮೇಲ್‌ಮೆಸೇಜ್‌ಗೆ ಬದಲಾಯಿಸುತ್ತಿದ್ದೇವೆ: ಮೊದಲು ಸಾದಾ ಪಠ್ಯ, ಆಮೇಲೆ ಎಚ್‌ಟಿಎಂಎಲ್ ಪರ್ಯಾಯ. ಇಲ್ಲಿ ಎರಡು ಪ್ರಶ್ನೆ.

ಸಾಲು ಚಿಕ್ಕದಾಗಿಸಲು ಪಠ್ಯವನ್ನು ಸಾದಾ ಇಂಗ್ಲಿಷ್ ಅಕ್ಷರ, ಅಂಕಿಗಳಿಗೆ ಬದಲಿಸುವ ಎರಡು ವಿಧಾನಗಳಿವೆ: ಕೋಟೆಡ್ ಪ್ರಿಂಟಬಲ್ ಹಾಕಿದರೆ ಕನ್ನಡದ ಪ್ರತಿ ಚಿಹ್ನೆ 9 ಬೈಟ್ ಆಗುತ್ತದೆ, ಬೇಸ್64ರಲ್ಲಿ 4. ಜಿಮೇಲ್ ಸುಮಾರು 102 ಕೆಬಿ ದಾಟಿದ ಮೇಲ್ ಅನ್ನು ಮೊಟಕು ಮಾಡುತ್ತದಲ್ಲ, ಆ ಲೆಕ್ಕ ಡಿಕೋಡ್ ಆಗುವ ಮೊದಲೋ, ನಂತರವೋ? ಅಳೆದು ನೋಡಿದವರು ಹೇಳಿ.

ಲೋಗೋವನ್ನು ಸಿಐಡಿ (ಮೇಲ್‌ನೊಳಗಿನ ಚಿತ್ರದ ಗುರುತು) ಕೊಟ್ಟು ಎಚ್‌ಟಿಎಂಎಲ್ ಭಾಗಕ್ಕೇ ರಿಲೇಟೆಡ್ (ಅದಕ್ಕೆ ಸಂಬಂಧಿಸಿದ ಭಾಗ) ಆಗಿ ಸೇರಿಸಿದರೂ ಕೆಲವು ಫೋನ್‌ಗಳಲ್ಲಿ ಅಟ್ಯಾಚ್‌ಮೆಂಟ್ ಪಿನ್ ಕಾಣುತ್ತದೆ. ಚಿತ್ರವನ್ನು ಹೇಗೆ ತೋರಿಸಬೇಕು ಎನ್ನುವ ಡಿಸ್ಪೊಸಿಷನ್ ಹೆಡರ್ ಇನ್‌ಲೈನ್ (ಪಠ್ಯದೊಳಗೇ) ಅಂತಲೇ ಇದೆ. ಇನ್ನೇನು ನೋಡಬೇಕು?

ಔಟ್‌ಲುಕ್‌ಗಾಗಿ ಟೇಬಲ್ ಲೇಔಟ್ ಆಗಲೇ ಮಾಡಿದ್ದೇವೆ, ಅದರ ಸಲಹೆ ಬೇಡ. ಹೊರಗಿನ ಮೇಲಿಂಗ್ ಸೇವೆಯೂ ಬೇಡ, ಸಿಬ್ಬಂದಿ ವಿಳಾಸ ಹೊರಗೆ ಕೊಡುವ ಹಾಗಿಲ್ಲ.